ಕೇಳಿದ್ದನ್ನು ಹೇಳಿಕೊಳ್ಳುವ ಸುಖ

ಒಳ್ಳೆಯ ಹಾಡೊಂದು ಮುಗಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಪಕ್ಕದಲ್ಲಿ ಕುಳಿತವರ ಮುಖ ನೋಡುವುದು. ‘ಹೇಗಿತ್ತು?’ ಎಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ, ಕಣ್ಣೇ ಕೇಳುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮಾರನೆಯ ದಿನ ಕಚೇರಿಯಲ್ಲೋ, ಬಸ್ ನಿಲ್ದಾಣದಲ್ಲೋ, ಹೋಟೆಲಿನ ಮೇಜಿನ ಮುಂದೋ ಸಿಕ್ಕ ಸ್ನೇಹಿತನಿಗೆ ‘ನಿನ್ನೆ ರಾತ್ರಿ ಒಂದು ಹಾಡು ಕೇಳಿದೆ ನೋಡು...’ ಎಂದು ಶುರು ಮಾಡುವ ತನಕ ಸಮಾಧಾನವಿಲ್ಲ. ಊಟವನ್ನು ಒಬ್ಬರೇ ಮಾಡಬಹುದು, ನಿದ್ದೆಯನ್ನಂತೂ ಒಬ್ಬರೇ ಮಾಡಬೇಕು. ಸಂಗೀತ ಕೇಳಿದ ಸುಖ ಮಾತ್ರ ಇನ್ನೊಬ್ಬರೊಡನೆ ಹಂಚಿಕೊಂಡಾಗಲೇ ಪೂರ್ತಿಯಾಗುತ್ತದೆ.

ಇದನ್ನು ಬರಿಯ ಬಾಯಿಚಪಲ ಎಂದು ತಳ್ಳಿಹಾಕುವಂತಿಲ್ಲ. ಕಳೆದ ನೂರಿಪ್ಪತ್ತು ವರ್ಷಗಳ ಸಂಗೀತದ ಇತಿಹಾಸವನ್ನು ನೋಡಿದರೆ, ಯಾವ ಕೃತಿ ಧ್ವನಿಮುದ್ರಣವಾಯಿತು, ಯಾರು ಹಾಡುಗಾರರಾದರು, ಯಾವ ದನಿ ಉಳಿಯಿತು, ಯಾವುದು ಅಳಿಯಿತು ಎಂಬುದರಲ್ಲಿ ಹಾಡುವವರಷ್ಟೇ ಕೇಳುವವರ ಪಾಲೂ ಇದೆ. ಆದರೆ ಇತಿಹಾಸದ ಪುಸ್ತಕಗಳಲ್ಲಿ ಹಾಡಿದವರ ಹೆಸರು ಸಿಗುತ್ತದೆ, ಹಾಡಿಸಿದವರ ಹೆಸರು ಸಿಗುತ್ತದೆ. ಕೇಳಿದವರ ಹೆಸರು ಸಿಗುವುದು ಅಪರೂಪ. ಆ ಕೇಳುಗರ ಕಥೆ ಇದು. ಕಲ್ಕತ್ತೆಯಲ್ಲಿ ಶುರುವಾಗಿ ಇಂಗ್ಲೆಂಡಿಗೆ ಹೋಗಿ ಬರುವ ಈ ಕಥೆಯಲ್ಲಿ ಮೈಸೂರಿನ ಅರಮನೆಯೂ ಇದೆ, ಧಾರವಾಡದ ಬೀದಿಯೂ ಇದೆ.

ಮೂರು ನಿಮಿಷದ ರಾಗ

ಗ್ರಾಮೋಫೋನ್ ಬರುವ ಮೊದಲು ಸಂಗೀತ ಕೇಳುವುದೆಂದರೆ ಹಾಡುವವರ ಎದುರಿಗೆ ಹೋಗಿ ಕೂರುವುದೇ ಆಗಿತ್ತು. ಉತ್ತರದ ಬೈಠಕ್ಕುಗಳಲ್ಲಿ ‘ವಾಹ್’ ಎನ್ನುವವರು, ದಕ್ಷಿಣದ ಕಚೇರಿಗಳಲ್ಲಿ ‘ಭೇಷ್’ ಎನ್ನುವವರು, ತೊಡೆಯ ಮೇಲೆ ತಾಳ ಹಾಕುವವರು, ತಲೆದೂಗುವವರು ಎಲ್ಲರೂ ಆ ಸಂಗೀತದ ಭಾಗವೇ ಆಗಿದ್ದರು. ಎದುರಿಗಿದ್ದವರು ಮರುಳಾದರೆ ಗಾಯಕ ಒಂದು ರಾಗವನ್ನು ಇನ್ನೂ ಅರ್ಧ ಗಂಟೆ ಬೆಳೆಸುತ್ತಿದ್ದ. ಆಕಳಿಸಿದರೆ ಬೇಗನೆ ಮುಗಿಸುತ್ತಿದ್ದ. ಕೇಳುವುದೂ ಹೇಳುವುದೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುತ್ತಿತ್ತು.

ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ. ಅದರಲ್ಲಿ ದನಿ ಕೊಳವೆಯ ಮೇಲೆ ಮುದ್ರಿತವಾಗುತ್ತಿತ್ತು. ಹತ್ತು ವರ್ಷದ ಬಳಿಕ, 1887ರಲ್ಲಿ, ಎಮಿಲಿ ಬರ್ಲಿನರ್ ಚಪ್ಪಟೆ ತಟ್ಟೆಯ ಮೇಲೆ ದನಿ ಮುದ್ರಿಸುವ ಗ್ರಾಮೋಫೋನಿಗೆ ಹಕ್ಕುಪತ್ರ ಪಡೆದ. ಒಂದು ಅಚ್ಚಿನಿಂದ ಸಾವಿರಾರು ತಟ್ಟೆ ಒತ್ತಬಹುದಾದ್ದರಿಂದ ಸಂಗೀತ ಅಂಗಡಿಯಲ್ಲಿ ಮಾರುವ ಸರಕಾಯಿತು. ಬರ್ಲಿನರನ ಶಿಷ್ಯನಂತಿದ್ದ ಫ್ರೆಡ್ ಗೈಸ್‌ಬರ್ಗ್ 1902ರ ಕೊನೆಯಲ್ಲಿ ಯಂತ್ರಗಳ ಪೆಟ್ಟಿಗೆ ಹೊತ್ತು ಕಲ್ಕತ್ತೆಗೆ ಬಂದಿಳಿದ. ಆ ನವೆಂಬರಿನಲ್ಲಿ ಅವನ ಕಹಳೆಯ ಮುಂದೆ ಹಾಡಿದವರಲ್ಲಿ ಆಗಿನ ಪ್ರಖ್ಯಾತ ಗಾಯಕಿ ಗೌಹರ್ ಜಾನ್ ಒಬ್ಬರು. ಪ್ರತಿ ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಮೇಣದ ಮುದ್ರಿಕೆಗಳು ತಟ್ಟೆಗಳಾಗಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲಿ ಎಂಬುದಕ್ಕಾಗಿ ಈ ಏರ್ಪಾಡು ಎಂದು ಹೇಳುತ್ತಾರೆ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ತಟ್ಟೆ ಒತ್ತುವ ಕಾರ್ಖಾನೆ ಶುರುವಾಯಿತು. ಆ ತಟ್ಟೆಗಳಿಗೆ ಬೇಕಾದ ಮುಖ್ಯ ವಸ್ತು ಅರಗು. ಜಗತ್ತಿನ ಕಾರ್ಖಾನೆಗಳಿಗೆಲ್ಲ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದ ಕಾಡುಗಳಿಂದಲೇ.

ಹತ್ತಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷದ ಸಂಗೀತ. ಕೀಲಿ ಕೊಡಬೇಕು, ಮುಳ್ಳು ಇಡಬೇಕು. ಒಂದು ಬದಿ ಮುಗಿದರೆ ಮುಳ್ಳನ್ನು ಬದಲಿಸಬೇಕು. ಒಂದು ಗಂಟೆ ಹಾಡುತ್ತಿದ್ದ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವ ಕಲೆಯನ್ನು ಗಾಯಕರು ಕಲಿಯಬೇಕಾಯಿತು. ಕೇಳುಗನ ಪಾಡೂ ಬದಲಾಯಿತು. ದರ್ಬಾರಿನ ಬಾಗಿಲೊಳಗೆ ಕಾಲಿಡಲಾಗದವನಿಗೂ ದೊಡ್ಡ ಗಾಯಕರ ಹಾಡು ದಕ್ಕಿತು, ನಿಜ. ಆದರೆ ಅವನ ‘ವಾಹ್’ ಎಂಬ ಮಾತು ಗಾಯಕನಿಗೆ ಕೇಳಿಸದೆ ಹೋಯಿತು. ಪೆಟ್ಟಿಗೆಗೆ ತಲೆದೂಗಿ ಏನು ಪ್ರಯೋಜನ? ಹಾಡುವವರ ಸಂಗ ಕಳೆದುಕೊಂಡ ಕೇಳುಗ ತನ್ನಂತಹ ಇತರ ಕೇಳುಗರ ಸಂಗವನ್ನು ಹುಡುಕಿಕೊಂಡು ಹೊರಟ.

ದ್ವೀಪದಲ್ಲಿದ್ದ ಕಾದಂಬರಿಕಾರ

ಹಾಗೆ ಹುಡುಕಿದವರಲ್ಲಿ ಇಂಗ್ಲಿಷ್ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಹೆಸರಿಸಬೇಕಾದವನು. 1920ರ ದಶಕದಲ್ಲಿ ಆತ ಇಂಗ್ಲಿಷ್ ಕಡಲ್ಗಾಲುವೆಯ ಹರ್ಮ್, ಜೆಥೂ ಎಂಬ ಪುಟ್ಟ ದ್ವೀಪಗಳಲ್ಲಿ ವಾಸವಾಗಿದ್ದ. ಕಚೇರಿಗೆ ಹೋಗುವುದಕ್ಕೆ ಹತ್ತಿರದಲ್ಲಿ ಸಭಾಂಗಣವಿಲ್ಲ, ಸಂಗೀತದ ಮಾತಾಡಲು ಜನರಿಲ್ಲ, ಜೊತೆಗಿದ್ದದ್ದು ಗ್ರಾಮೋಫೋನ್. ಆ ಕಾಲದ ಸಂಗೀತ ವಿದ್ವಾಂಸರು ಗ್ರಾಮೋಫೋನನ್ನು ಆಟಿಕೆಯೆಂದು ಬಗೆದಿದ್ದರು. ಪತ್ರಿಕೆಗಳು ಕಚೇರಿಗಳ ವಿಮರ್ಶೆ ಪ್ರಕಟಿಸುತ್ತಿದ್ದವೇ ಹೊರತು ತಟ್ಟೆಗಳ ವಿಚಾರ ಎತ್ತುತ್ತಿದ್ದುದು ಕಡಿಮೆ.

ಮೆಕೆಂಜಿ ತನ್ನ ಭಾವಮೈದುನ ಕ್ರಿಸ್ಟೋಫರ್ ಸ್ಟೋನನ ಜೊತೆಗೂಡಿ 1923ರ ಏಪ್ರಿಲಿನಲ್ಲಿ ‘ದಿ ಗ್ರಾಮೋಫೋನ್’ ಎಂಬ ಮಾಸಪತ್ರಿಕೆ ಶುರು ಮಾಡಿದ. ಹೊಸದಾಗಿ ಬಂದ ತಟ್ಟೆಗಳನ್ನು ಮನೆಯಲ್ಲಿ ಕೂತು ಕೇಳಿ, ಯಾವುದು ಕೊಳ್ಳಲು ಯೋಗ್ಯ, ಯಾವುದು ಅಲ್ಲ ಎಂದು ಬರೆಯುವುದು ಪತ್ರಿಕೆಯ ಮುಖ್ಯ ಕೆಲಸ. ಅದರಷ್ಟೇ ಜೀವಂತವಾಗಿದ್ದುದು ಓದುಗರ ಪತ್ರಗಳ ಭಾಗ. ಉಕ್ಕಿನ ಮುಳ್ಳು ಒಳ್ಳೆಯದೋ ಬಿದಿರಿನ ಮುಳ್ಳು ಒಳ್ಳೆಯದೋ ಎಂಬ ಜಗಳ ಅಲ್ಲಿ ತಿಂಗಳುಗಟ್ಟಲೆ ನಡೆಯುತ್ತಿತ್ತು. ಉಕ್ಕಿನದು ದನಿಯನ್ನು ಗಟ್ಟಿಯಾಗಿ ಎತ್ತುತ್ತದೆ, ಬಿದಿರಿನದು ತಟ್ಟೆಯನ್ನು ಸವೆಸುವುದಿಲ್ಲ; ಎರಡೂ ಪಕ್ಷಕ್ಕೆ ಕಟ್ಟಾ ಅನುಯಾಯಿಗಳಿದ್ದರು. ಹೊರಗಿನವರಿಗೆ ನಗು ತರಿಸುವ ಜಗಳ. ಆದರೆ ಯಾವುದೋ ಊರಿನ ಕೋಣೆಯಲ್ಲಿ ಒಬ್ಬನೇ ಕೂತು ಕೇಳುತ್ತಿದ್ದವನಿಗೆ ತನ್ನಂಥವರು ಬೇರೆಡೆಯೂ ಇದ್ದಾರೆ ಎಂದು ತಿಳಿದದ್ದು ಈ ಜಗಳಗಳಿಂದಲೇ.

ಚಂದಾ ಎತ್ತಿ ಮಾಡಿಸಿದ ಸಂಗೀತ

ಹೀಗೆ ಕೂಡಿದ ಕೇಳುಗರು ಬರಿಯ ಮಾತಿನಲ್ಲಿ ನಿಲ್ಲಲಿಲ್ಲ. ಕಂಪನಿಗಳು ಆಗ ಹೆಚ್ಚಾಗಿ ಮಾರುತ್ತಿದ್ದುದು ಜನಪ್ರಿಯ ಹಾಡುಗಳು, ದೊಡ್ಡ ಕೃತಿಗಳ ಕತ್ತರಿಸಿದ ತುಣುಕುಗಳು. ನಾಲ್ಕು ವಾದ್ಯಗಳ ಒಂದು ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಮುದ್ರಿಸಿದರೆ ಕೊಳ್ಳುವವರು ಯಾರು ಎಂಬುದು ಅವರ ಪ್ರಶ್ನೆ. ‘ನಾವು’ ಎಂದರು ಪತ್ರಿಕೆಯ ಓದುಗರು. ಮೆಕೆಂಜಿಯ ಮುಂದಾಳುತನದಲ್ಲಿ ನ್ಯಾಷನಲ್ ಗ್ರಾಮೋಫೋನಿಕ್ ಸೊಸೈಟಿ ಹುಟ್ಟಿತು. ಸದಸ್ಯರಿಂದ ಚಂದಾ ಎತ್ತಿ 1924ರಿಂದ 1931ರವರೆಗೆ ಪೂರ್ತಿ ಕೃತಿಗಳ ತಟ್ಟೆಗಳನ್ನು ಅದು ಹೊರತಂದಿತು. ಮುಂದೆ ದೊಡ್ಡ ವಾದ್ಯವೃಂದ ನಿರ್ದೇಶಕರಾಗಿ ಹೆಸರಾದ ಜಾನ್ ಬಾರ್ಬಿರೋಲಿಯವರ ಮೊದಮೊದಲ ಮುದ್ರಿಕೆಗಳಲ್ಲಿ ಕೆಲವು ಈ ಸೊಸೈಟಿಗಾಗಿಯೇ ಆದವು.

ಈ ಉಪಾಯವನ್ನು ಹಿಜ್ ಮಾಸ್ಟರ್ಸ್ ವಾಯ್ಸ್ ಕಂಪನಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ತರುಣ ಬೇರೊಂದು ಬಗೆಯಲ್ಲಿ ಬಳಸಿಕೊಂಡ. ಹ್ಯೂಗೋ ವುಲ್ಫ್ ಎಂಬ ಆಸ್ಟ್ರಿಯಾದ ವಾಗ್ಗೇಯಕಾರನ ಗೀತೆಗಳೆಂದರೆ ಅವನಿಗೆ ಪ್ರಾಣ. ಕಂಪನಿಗೆ ಅದರಲ್ಲಿ ಲಾಭ ಕಾಣುತ್ತಿರಲಿಲ್ಲ. ಐನೂರು ಮಂದಿ ಮುಂಗಡ ಹಣ ಕೊಟ್ಟು ಹೆಸರು ಬರೆಸಿದರೆ ಮುದ್ರಿಸೋಣ ಎಂದು 1931ರಲ್ಲಿ ಹ್ಯೂಗೋ ವುಲ್ಫ್ ಸೊಸೈಟಿ ಪ್ರಾರಂಭವಾಯಿತು. ದೂರದ ಜಪಾನಿನಿಂದಲೂ ಬಹಳ ಮಂದಿ ಹೆಸರು ಬರೆಸಿದರು. ಮರುವರ್ಷದಿಂದ ಬೀಥೋವನ್ ಸೊನಾಟಾ ಸೊಸೈಟಿಯ ಹೆಸರಿನಲ್ಲಿ ಆರ್ತರ್ ಶ್ನಾಬೆಲ್ ನುಡಿಸಿದ ಮೂವತ್ತೆರಡೂ ಪಿಯಾನೋ ಸೊನಾಟಾಗಳು ಒಂದೊಂದಾಗಿ ಹೊರಬಂದವು. ಅಷ್ಟನ್ನೂ ಒಬ್ಬನೇ ಕಲಾವಿದ ಮುದ್ರಿಸಿದ್ದು ಅದೇ ಮೊದಲು. ಇಂದು ಜಗತ್ತಿನ ಶ್ರೇಷ್ಠ ಧ್ವನಿಮುದ್ರಣಗಳಲ್ಲಿ ಅವನ್ನು ಎಣಿಸುತ್ತಾರೆ. ಅವು ಕಂಪನಿಯ ಧಾರಾಳತನದಿಂದ ಹುಟ್ಟಿದವಲ್ಲ. ‘ನಮಗೆ ಇದು ಬೇಕು’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಕೊನೆಗೆ ಕಂಪನಿಗೂ ಹೇಳಿದ ಕೇಳುಗರಿಂದ ಹುಟ್ಟಿದವು.

ಮೈಸೂರಿನ ಕೇಳುಗ

ಇಂಥ ಸೊಸೈಟಿಗಳಲ್ಲಿ ಒಂದಕ್ಕೆ ಚಂದಾದಾರರ ಪಟ್ಟಿಯೇ ಬೇಕಾಗಲಿಲ್ಲ. ಒಬ್ಬ ಕೇಳುಗರೇ ಪೂರ್ತಿ ಖರ್ಚು ವಹಿಸಿದರು. ಅವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್.

1919ರಲ್ಲಿ ಹುಟ್ಟಿದ ಜಯಚಾಮರಾಜರು ಚಿಕ್ಕಂದಿನಿಂದ ಪಿಯಾನೋ ಕಲಿತವರು. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ವಯಸ್ಸಿನಲ್ಲಿ ಅವರು ಪಟ್ಟಕ್ಕೆ ಬಂದರು. ಪಿಯಾನೋ ವಾದಕರಾಗುವ ದಾರಿ ಅಲ್ಲಿಗೆ ಮುಚ್ಚಿತು. ಕೇಳುವ ದಾರಿ ಉಳಿಯಿತು. ಅವರ ತಟ್ಟೆಗಳ ಸಂಗ್ರಹ ಇಪ್ಪತ್ತು ಸಾವಿರದಷ್ಟಿತ್ತೆಂದು ಅಂದಾಜು.

1946ರಲ್ಲಿ ಅದೇ ವಾಲ್ಟರ್ ಲೆಗ್ ಮೈಸೂರಿಗೆ ಬಂದ. ಅರಮನೆಯಲ್ಲಿ ತಾನು ಕಂಡ ತಟ್ಟೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಹಲವು ದೊಡ್ಡ ಪಿಯಾನೋಗಳು ಇವನ್ನು ಆತ ಮುಂದೆ ಬೆರಗಿನಿಂದ ನೆನೆದುಕೊಂಡಿದ್ದಾನೆ. ಇಬ್ಬರು ಕೇಳುಗರು ಕೂಡಿದರೆ ಏನಾಗುತ್ತದೋ ಅದೇ ಆಯಿತು. ಇಷ್ಟದ ಸಂಗೀತದ ಮಾತು ಬಂತು. ಮಹಾರಾಜರ ಮೆಚ್ಚಿನ ವಾಗ್ಗೇಯಕಾರರಲ್ಲಿ ಒಬ್ಬ ನಿಕೊಲಾಯ್ ಮೆಟ್ನರ್. ಕ್ರಾಂತಿಯ ನಂತರ 1921ರಲ್ಲಿ ರಷ್ಯ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ಮುಪ್ಪಿನಲ್ಲಿ ಕಷ್ಟದಲ್ಲಿದ್ದ. ಲೋಕ ಅವನನ್ನು ಮರೆಯತೊಡಗಿತ್ತು. ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸುವ ಖರ್ಚನ್ನು ಮೈಸೂರು ಹೊತ್ತಿತು. ಮೂರು ಪಿಯಾನೋ ಕನ್ಸರ್ಟೋಗಳು, ಗೀತೆಗಳು, ಬಿಡಿ ಕೃತಿಗಳು ‘ಮೆಟ್ನರ್ ಸೊಸೈಟಿ’ಯ ಹೆಸರಿನ ಸಂಪುಟಗಳಾಗಿ ಹೊರಬಂದವು. ಮೂರನೆಯ ಕನ್ಸರ್ಟೋವನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಆತ ತೀರಿಕೊಂಡ. ಸ್ವಂತ ಕೈಯಿಂದ ಆತ ನುಡಿಸಿದ್ದನ್ನು ಇಂದು ಕೇಳಲು ಸಾಧ್ಯವಾಗಿದ್ದರೆ ಅದಕ್ಕೆ ಬಹುಮಟ್ಟಿಗೆ ಮೈಸೂರಿನಲ್ಲಿ ಕುಳಿತು ಕೇಳಿದ ಒಬ್ಬರ ಒಲವೇ ಕಾರಣ.

ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮೂರು ವರ್ಷ, ವರ್ಷಕ್ಕೆ ಹತ್ತು ಸಾವಿರ ಪೌಂಡು ನೆರವು ಕೊಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತನ್ನ ಕೊನೆಯ ದಿನಗಳಲ್ಲಿ ಬರೆದ ನಾಲ್ಕು ಗೀತೆಗಳು ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಗೆ ಹಣದ ಭರವಸೆ ಕೊಟ್ಟವರು ಜಯಚಾಮರಾಜರು. ಅಂದಿನ ಹಾಡುಗಾರಿಕೆಯನ್ನು ಮುದ್ರಿಸಿ ಮೈಸೂರಿನ ತಮ್ಮ ಸಂಗ್ರಹಕ್ಕೆ ಕಳಿಸಬೇಕೆಂಬುದು ಅವರ ಬಯಕೆ. ತಾವು ಹೋಗಲಾಗದ ಕಚೇರಿಯನ್ನು ಅವರು ತಟ್ಟೆಯ ಮೇಲೆ ತರಿಸಿಕೊಂಡರು. ಆ ಮುದ್ರಿಕೆಗಳು ತೀರ ಸವೆದುಹೋಗಿದ್ದವು. 2007ರಲ್ಲೂ 2014ರಲ್ಲೂ ತಂತ್ರಜ್ಞರು ಅದನ್ನು ಸಾಧ್ಯವಾದಷ್ಟು ಶುದ್ಧಗೊಳಿಸಿ ಮತ್ತೆ ಹೊರತಂದರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಮೈಸೂರು ಚಲೋ ಚಳವಳಿ ನಡೆದದ್ದು 1947ರಲ್ಲಿ. ಪ್ರಜೆಗಳು ಜವಾಬ್ದಾರಿ ಸರ್ಕಾರ ಕೇಳುತ್ತಿದ್ದ ಆ ವರ್ಷಗಳಲ್ಲಿ ಅರಸರೊಬ್ಬರ ಹಣ ಲಂಡನ್ನಿನ ವಾದ್ಯವೃಂದಕ್ಕೆ ಹೋಗುವುದು ಸರಿಯೆ? ಪ್ರಶ್ನೆ ನ್ಯಾಯವಾದದ್ದೇ. ಜಯಚಾಮರಾಜರ ಸಂಗೀತ ಪ್ರೇಮ ಪಶ್ಚಿಮಕ್ಕೆ ಸೀಮಿತವಾಗಿರಲಿಲ್ಲ, ‘ಶ್ರೀವಿದ್ಯಾ’ ಅಂಕಿತದಲ್ಲಿ ಅವರು 94 ಕೃತಿಗಳನ್ನು ಕರ್ನಾಟಕ ಸಂಗೀತಕ್ಕೆ ಕೊಟ್ಟರು ಎಂಬುದನ್ನು ಉತ್ತರದ ಜೊತೆ ನೆನೆಯಬೇಕು. ಅಷ್ಟಾದರೂ, ಒಬ್ಬ ಶ್ರೀಮಂತ ಕೇಳುಗನ ರುಚಿಯ ಮೇಲೆ ನಿಂತ ಸಂಗೀತ ಎಷ್ಟು ದಿನ ಬಾಳೀತು ಎಂಬ ಅಳುಕು ಉಳಿದೇ ಇರುತ್ತದೆ. ಆದ್ದರಿಂದ ಅರಮನೆಯಿಂದ ಬೀದಿಗೆ ಇಳಿಯೋಣ.

ಅದಕ್ಕೆ ಮೊದಲು ಒಂದು ಮಾತು. ಕಲ್ಕತ್ತೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ಇದೇ ಮೈಸೂರನ್ನು. 1928ರಲ್ಲಿ ನಾಲ್ವಡಿಯವರು ಅವರನ್ನು ಆಸ್ಥಾನಕ್ಕೆ ನೇಮಿಸಿಕೊಂಡರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದರು. ನಮ್ಮ ದೇಶದ ಧ್ವನಿಮುದ್ರಣದ ಮೊದಲ ದೊಡ್ಡ ಗಾಯಕಿಯೂ ಅದರ ಅತಿ ದೊಡ್ಡ ಕೇಳುಗರಲ್ಲಿ ಒಬ್ಬರೂ ಒಂದೂವರೆ ವರ್ಷ ಒಂದೇ ಊರಿನವರಾಗಿದ್ದರು. ಆಗ ಆ ಕೇಳುಗ ಹತ್ತು ವರ್ಷದ ಹುಡುಗ.

ಬೀದಿಗೆ ಓಡಿದ ಹುಡುಗಿ

ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಮನೆಯಲ್ಲಿ ಗ್ರಾಮೋಫೋನ್ ಕೊಳ್ಳುವ ಅನುಕೂಲವಿರಲಿಲ್ಲ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಬೀದಿಯಲ್ಲಿ ಎಲ್ಲಿಯಾದರೂ ತಟ್ಟೆ ಹಾಡುವುದು ಕಿವಿಗೆ ಬಿದ್ದರೆ ಹುಡುಗಿ ಮನೆಯಿಂದ ಹೊರಗೆ ಓಡುತ್ತಿದ್ದಳು. ಕೇಳಿದ್ದನ್ನು ಮನೆಗೆ ಬಂದು ಹಾಡಿ ನೋಡುತ್ತಿದ್ದಳು. ದೊಡ್ಡವರಾದ ಮೇಲೆ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆಯಾಗಿ ಕಿರಾನಾ ಘರಾನೆಯ ದೊಡ್ಡ ಹೆಸರಾದರು.

ಗದಗಿನ ಕಡೆಯ ಇನ್ನೊಬ್ಬ ಹುಡುಗ ಭೀಮಸೇನ ಜೋಶಿ. ಅಬ್ದುಲ್ ಕರೀಂ ಖಾನ್ ಸಾಹೇಬರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯೊಂದರ ತಟ್ಟೆ ತನ್ನನ್ನು ಹೇಗೆ ಸೆಳೆಯಿತೆಂಬುದನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಹೀಗೆ ಹಾಡಬೇಕು ಎಂಬ ಹುಚ್ಚಿನಲ್ಲಿ 1933ರಲ್ಲಿ, ಹನ್ನೊಂದರ ಹರೆಯದಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಉತ್ತರ ಭಾರತವೆಲ್ಲ ಅಲೆದು ಬಂದು ಕೊನೆಗೆ ಸೇರಿದ್ದು ಮನೆಯ ಹತ್ತಿರದ ಕುಂದಗೋಳವನ್ನು, ಅದೇ ಸವಾಯಿ ಗಂಧರ್ವರನ್ನು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು. ತಟ್ಟೆಯಿಂದ ಹೊರಟ ದನಿ ಒಂದು ಸುತ್ತು ಹಾಕಿ ತನ್ನ ಮನೆಗೇ ಬಂದಂತಾಯಿತು.

ಆ ಕಾಲದ ನಮ್ಮ ಊರುಗಳಲ್ಲಿ ಗ್ರಾಮೋಫೋನ್ ಒಬ್ಬರ ಸೊತ್ತಾಗಿದ್ದರೂ ಕೇಳುವುದು ಊರಿನ ಸೊತ್ತಾಗಿತ್ತು. ಅಂಗಡಿಯ ಕಟ್ಟೆ, ಚಹಾದ ಹೋಟೆಲು, ಸಾಹುಕಾರರ ಪಡಸಾಲೆ, ಮದುವೆಯ ಚಪ್ಪರ ಇಲ್ಲೆಲ್ಲ ಒಂದು ಪೆಟ್ಟಿಗೆಯ ಸುತ್ತ ಹತ್ತು ತಲೆಗಳು ಸೇರುತ್ತಿದ್ದವು. ‘ಇನ್ನೊಮ್ಮೆ ಹಚ್ಚರಿ’ ಎಂದು ಒಬ್ಬರು, ‘ಆ ಜಾಗಾ ಕೇಳಿದ್ರೇನು?’ ಎಂದು ಇನ್ನೊಬ್ಬರು. ಲಂಡನ್ನಿನ ಪತ್ರಿಕೆಯಲ್ಲಿ ಅಂಚೆಯ ಮೂಲಕ ನಡೆದ ಸಂವಾದ ನಮ್ಮಲ್ಲಿ ಕಟ್ಟೆಯ ಮೇಲೆ ಬಾಯಿಂದ ಬಾಯಿಗೆ ನಡೆಯಿತು. ಅದು ಎಲ್ಲಿಯೂ ಅಚ್ಚಾಗಲಿಲ್ಲ; ಆದ್ದರಿಂದ ಅದರ ಬಹುಭಾಗ ನಮಗೆ ಸಿಗುವುದಿಲ್ಲ.

ಅದು ಎಂಥ ನಷ್ಟ ಎಂಬುದಕ್ಕೆ ಗಂಗೂಬಾಯಿಯವರ ತಟ್ಟೆಗಳೇ ಉದಾಹರಣೆ. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಅವರ ಹಾಡುಗಳು ಹೊರಬಂದವು. ಆ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ಕಾಯಿಲೆ, ಚಿಕಿತ್ಸೆ ಆಗಿ ದನಿ ಗಡುಸಾಯಿತು. ಲೋಕಕ್ಕೆ ಪರಿಚಯವಾದದ್ದು ಆ ಗಡಸುದನಿಯ ಗಂಗೂಬಾಯಿ. ಲೇಬಲ್ಲಿನ ಮೇಲೆ ಬೇರೆ ಹೆಸರು, ಒಳಗೆ ಬೇರೆ ದನಿ. ‘ಇವರೇ ಅವರು’ ಎಂದು ಹೇಳುವ ಹಳೆಯ ಕೇಳುಗರೊಬ್ಬರು ಪಕ್ಕದಲ್ಲಿ ಇಲ್ಲದಿದ್ದರೆ ಆ ತಟ್ಟೆ ಎದುರಿಗಿದ್ದೂ ಅಪರಿಚಿತವೇ.

ತಟ್ಟೆಯಿಲ್ಲದ ಗಾಯಕ

ಕೆಲವರಿಗೆ ತಟ್ಟೆಯೇ ಇಲ್ಲ. ಭಾಸ್ಕರಬುವಾ ಬಖಲೆಯವರು ಹಲವು ವರ್ಷ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಮೇಷ್ಟ್ರಾಗಿದ್ದರು. ಉತ್ತರ ಕರ್ನಾಟಕದಲ್ಲಿ ಹಿಂದುಸ್ತಾನಿ ಸಂಗೀತ ಬೇರೂರಿದ್ದರಲ್ಲಿ ಅವರದು ದೊಡ್ಡ ಪಾಲು. 1922ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಕಂಪನಿಗಳು ನಮ್ಮ ದೇಶದಲ್ಲಿ ಇಪ್ಪತ್ತು ವರ್ಷದಿಂದ ತಟ್ಟೆ ಮಾಡುತ್ತಿದ್ದವು. ಆದರೂ ಅವರ ದನಿಯ ಒಂದು ತುಣುಕೂ ಉಳಿದಿಲ್ಲ. ಜೈಪುರ-ಅತ್ರೌಲಿ ಘರಾನೆಯ ಮೂಲಪುರುಷ ಅಲ್ಲಾದಿಯಾ ಖಾನರೂ ಹಾಗೆಯೇ; 1946ರವರೆಗೆ ಬಾಳಿದರೂ ತಟ್ಟೆ ಕೊಡಲಿಲ್ಲ.

ಇವರಿಬ್ಬರ ಗಾಯನದ ಬಗ್ಗೆ ನಮಗೆ ಇಂದು ತಿಳಿದಿರುವುದೆಲ್ಲ ಅವರನ್ನು ಕೇಳಿದವರು ಹೇಳಿದ್ದು, ಶಿಷ್ಯರು ಹಾಡಿದ್ದು. ಬುವಾ ಹೇಗೆ ಷಡ್ಜ ಹಚ್ಚುತ್ತಿದ್ದರು, ಯಾವ ರಾಗಕ್ಕೆ ಸಭೆ ಕಣ್ಣೀರಿಟ್ಟಿತು ಎಂಬ ಮಾತುಗಳಲ್ಲಿ ಅತಿಶಯೋಕ್ತಿ ಇದ್ದೀತು. ಆದರೆ ಆ ಮಾತುಗಳೂ ಇಲ್ಲದಿದ್ದರೆ ಅವರು ಬರಿಯ ಎರಡು ಹೆಸರು. ಕೇಳಿದವರ ಮಾತು ಸಂಗೀತದ ನೆರಳು ಎನ್ನುತ್ತೇವೆ. ಮರ ಬಿದ್ದ ಮೇಲೂ ಉಳಿದಿರುವ ನೆರಳು ಇದು.

ಅಂಚೆ ಕಾರ್ಡಿನ ರಸಿಕರು

ಸ್ವಾತಂತ್ರ್ಯಾನಂತರ ಕೇಳುಗರ ಕಟ್ಟೆ ರೇಡಿಯೋದ ಸುತ್ತ ಬೆಳೆಯಿತು. 1952ರಲ್ಲಿ ವಾರ್ತಾ ಸಚಿವರಾಗಿ ಬಂದ ಬಿ.ವಿ. ಕೇಸ್ಕರ್ ಅವರು ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಕಟ್ಟುನಿಟ್ಟಾಗಿ ಕಡಿಮೆ ಮಾಡಿಸಿದರು. ಜನ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಅದೇ ವರ್ಷದ ಕೊನೆಯಲ್ಲಿ ಶುರುವಾದ ಬಿನಾಕಾ ಗೀತಮಾಲಾ ಅಮೀನ್ ಸಯಾನಿಯವರ ದನಿಯಲ್ಲಿ ದಶಕಗಳ ಕಾಲ ನಡೆಯಿತು. ಕೇಳುಗರ ಪತ್ರಗಳು ಮೂಟೆಗಟ್ಟಲೆ ಬರುತ್ತಿದ್ದವು. ಊರೂರಿನಲ್ಲಿ ಶ್ರೋತೃಗಳ ಸಂಘಗಳು ಹುಟ್ಟಿ, ಸದಸ್ಯರು ಕೂಡಿ ಚರ್ಚಿಸಿ ತಮ್ಮ ಮೆಚ್ಚಿನ ಹಾಡುಗಳ ಪಟ್ಟಿ ಕಳಿಸುತ್ತಿದ್ದರು. ಬಿಹಾರದಲ್ಲಿದ್ದ, ಈಗ ಜಾರ್ಖಂಡಿಗೆ ಸೇರಿರುವ ಝುಮ್ರಿ ತಲೈಯಾ ಎಂಬ ಅಭ್ರಕದ ಗಣಿಗಳ ಊರು ದೇಶಕ್ಕೆಲ್ಲ ಪರಿಚಿತವಾದದ್ದು ಅಲ್ಲಿಯ ಕೇಳುಗರು ಹಾಡು ಕೋರಿ ಬರೆದ ಕಾರ್ಡುಗಳಿಂದ. 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಕೋರಿಕೆಯ ಹಾಡಿನೊಡನೆ ಹೆಸರುಗಳ ಉದ್ದನೆಯ ಸಾಲು ಓದುವುದನ್ನು ಕೇಳಿ ನಕ್ಕವರಿದ್ದಾರೆ. ಆದರೆ ಸಂಗೀತದ ಇತಿಹಾಸದಲ್ಲಿ ಸಾಮಾನ್ಯ ಕೇಳುಗನ ಹೆಸರನ್ನು ಗಟ್ಟಿಯಾಗಿ ಓದಿದ ಜಾಗ ಅದೊಂದೇ ಇರಬೇಕು.

ಕ್ಯಾಸೆಟ್ ಬಂದ ಮೇಲೆ ಹಂಚಿಕೊಳ್ಳುವುದು ಮತ್ತೂ ಸುಲಭವಾಯಿತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಾಗ ಭಾವಗೀತೆ ಸಭಾಂಗಣದಿಂದ ಮನೆಮನೆಗೆ ನಡೆಯಿತು. ಹಿಂದುಸ್ತಾನಿ ರಸಿಕರು ಖಾಸಗಿ ಬೈಠಕ್ಕುಗಳನ್ನು ಮುದ್ರಿಸಿಕೊಂಡು, ‘ನಿಮ್ಮಲ್ಲಿ ಯಾವುದಿದೆ, ನನ್ನಲ್ಲಿ ಇದಿದೆ’ ಎಂದು ಪ್ರತಿ ಬದಲಾಯಿಸಿಕೊಂಡರು. ಹಾಡಿದವರ ಒಪ್ಪಿಗೆ ಇತ್ತೇ, ಅವರಿಗೆ ಸಂಭಾವನೆ ಸಿಕ್ಕಿತೇ ಎಂಬ ತಕರಾರು ಇದರ ಬೆನ್ನಿಗೇ ಇದೆ. ಹಾಗೆಂದು ಆ ಪ್ರತಿಗಳು ಇಲ್ಲದಿದ್ದರೆ ಎಷ್ಟೋ ರಾತ್ರಿಗಳ ಸಂಗೀತ ಬೆಳಗಾಗುವುದರೊಳಗೆ ಅಳಿದುಹೋಗುತ್ತಿತ್ತು ಎಂಬುದೂ ಸುಳ್ಳಲ್ಲ.

ಗುಜರಿಯಿಂದ ಉಳಿದದ್ದು

ಅರಗಿನ ತಟ್ಟೆ ಕೈಜಾರಿದರೆ ಚೂರು. ಬಿಸಿಲಿಗೆ ಡೊಂಕಾಗುತ್ತದೆ, ಮುಳ್ಳಿಗೆ ಸವೆಯುತ್ತದೆ. ಲಾಂಗ್‌ಪ್ಲೇ ತಟ್ಟೆ 1948ರಲ್ಲಿ ಅಮೆರಿಕದಲ್ಲಿ ಬಂದರೂ ನಮ್ಮಲ್ಲಿ 78 ಸುತ್ತಿನ ಹಳೆಯ ತಟ್ಟೆಗಳು 1960ರ ದಶಕದಲ್ಲೂ ತಯಾರಾಗುತ್ತಿದ್ದವು. ಆಮೇಲೆ ಅವನ್ನು ಕೇಳುವ ಯಂತ್ರಗಳೇ ಮಾಯವಾದವು. ತಟ್ಟೆಗಳು ಅಟ್ಟ ಸೇರಿ, ಅಟ್ಟದಿಂದ ಗುಜರಿ ಸೇರಿದವು. ಅಲ್ಲಿಂದ ಅವನ್ನು ಎತ್ತಿ ತಂದವರೂ ಕೇಳುಗರೇ. ಮದರಾಸಿನ ವಿ.ಎ.ಕೆ. ರಂಗರಾವ್ ಅವರು ಹತ್ತಾರು ಸಾವಿರ ತಟ್ಟೆಗಳನ್ನು ಕೂಡಿಹಾಕಿದ್ದಲ್ಲದೆ ಅವುಗಳ ಬಗ್ಗೆ ಜೀವನವಿಡೀ ಬರೆದರು. 1990ರಲ್ಲಿ ಮುಂಬಯಿಯಲ್ಲಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಘ ಸ್ಥಾಪನೆಯಾಯಿತು. ಭೌತವಿಜ್ಞಾನಿ ಸುರೇಶ್ ಚಾಂದವಣಕರ್ ಅದರ ಕಾರ್ಯದರ್ಶಿಯಾಗಿ ದುಡಿದರು. ಸದಸ್ಯರು ತಟ್ಟೆ ಹೊತ್ತು ತಂದು, ಕೂಡಿ ಕೇಳಿ, ಕೇಳಿದ್ದರ ಬಗ್ಗೆ ಮಾತಾಡುವ ಬೈಠಕ್ಕುಗಳನ್ನು ನಡೆಸಿದರು. ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯನ್ನೂ ಹೊರಡಿಸಿದರು.

ಇಂಥವರ ಕೆಲಸ ಬರಿಯ ಕೂಡಿಡುವುದಲ್ಲ. ತಟ್ಟೆಯ ನಡುವೆ, ಲೇಬಲ್ಲಿನ ಅಂಚಿಗೆ, ಮುದ್ರಣದ ಒಂದು ಸಂಖ್ಯೆ ಕೊರೆದಿರುತ್ತದೆ. ಅದನ್ನು ಬೇರೆ ತಟ್ಟೆಗಳ ಸಂಖ್ಯೆಯೊಡನೆ ಹೋಲಿಸಿದರೆ ಹಾಡು ಮುದ್ರಣವಾದ ಕಾಲ ಸುಮಾರಾಗಿ ಗೊತ್ತಾಗುತ್ತದೆ. ಒಬ್ಬನ ಹತ್ತಿರ ಒಂದು ತಟ್ಟೆಯಿದ್ದರೆ ಅದು ವಸ್ತು. ಹತ್ತು ಜನ ತಮ್ಮ ತಮ್ಮ ತಟ್ಟೆಗಳ ಸಂಖ್ಯೆ ಹೇಳಿಕೊಂಡರೆ ಅದು ಇತಿಹಾಸ. ಹಾಡುಗಾರರ ಜೀವನದ ಎಷ್ಟೋ ಇಸವಿಗಳು ತಿಳಿದದ್ದು ಹೀಗೆ ಕೇಳುಗರು ಒಬ್ಬರಿಗೊಬ್ಬರು ಬರೆದ ಪತ್ರಗಳಿಂದ.

ಇಂದು ಜೇಬಿನಲ್ಲಿರುವ ಫೋನಿನಲ್ಲಿ ಮೈಸೂರು ಅರಮನೆಯ ಭಂಡಾರಕ್ಕಿಂತ ದೊಡ್ಡ ಭಂಡಾರವಿದೆ. ಒಂದು ಹಾಡು ಮುಗಿದೊಡನೆ ಯಂತ್ರವೇ ಇನ್ನೊಂದನ್ನು ಆರಿಸಿ ಕೊಡುತ್ತದೆ. ಅದು ಆರಿಸುವುದು ನಮ್ಮ ರುಚಿಗೆ ಒಪ್ಪುವುದೂ ಉಂಟು. ಆದರೆ ‘ಹೇಗಿತ್ತು?’ ಎಂದು ಅದು ಕೇಳುವುದಿಲ್ಲ; ನಾವು ಹೇಳಿದರೂ ವಾದ ಹೂಡುವುದಿಲ್ಲ. ಕಿವಿಗೆ ಸಿಕ್ಕಿಸಿಕೊಂಡು ಕೇಳುವವನ ಪಕ್ಕದಲ್ಲಿ ಕುಳಿತವರಿಗೆ ಅವನು ಏನು ಕೇಳುತ್ತಿದ್ದಾನೆಂಬುದೂ ತಿಳಿಯುವುದಿಲ್ಲ. ಬೀದಿಗೆ ಓಡಿಬಂದು ಕಿವಿಗೊಡಬಹುದಾದ ಹುಡುಗಿಗೆ ಬೀದಿಯಲ್ಲಿ ಹಾಡೇ ಇಲ್ಲ.

ಹಾಗೆಂದು ಹಳೆಯ ಕಾಲಕ್ಕೆ ಹೋಗಲಾಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮಾಡಬಹುದಾದ ಸಣ್ಣ ಕೆಲಸವೊಂದಿದೆ. ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಇನ್ನೂ ತಟ್ಟೆಗಳಿವೆ, ಕ್ಯಾಸೆಟ್ಟುಗಳಿವೆ. ಅವನ್ನು ಕೊಂಡು ತಂದ, ಕೇಳಿದ ಹಿರಿಯರು ಕೆಲವರಾದರೂ ಇದ್ದಾರೆ. ತಟ್ಟೆಯನ್ನು ಮುಂದೆ ಯಾರಾದರೂ ಕಂಪ್ಯೂಟರಿಗೆ ಏರಿಸಿಯಾರು. ಯಾವ ಊರಿನ ಅಂಗಡಿಯಲ್ಲಿ ಕೊಂಡದ್ದು, ಯಾರು ಯಾರು ಕೂಡಿ ಕೇಳಿದರು, ಯಾವ ಜಾಗದಲ್ಲಿ ಅಜ್ಜ ಕಣ್ಣು ಮುಚ್ಚಿ ತಲೆದೂಗುತ್ತಿದ್ದ ಎಂಬುದು ಮಾತ್ರ ಅವರೊಡನೆಯೇ ಹೋಗುತ್ತದೆ. ಅವರ ಪಕ್ಕದಲ್ಲಿ ಒಂದು ಸಂಜೆ ಕೂತು, ಒಂದು ಹಾಡು ಕೇಳಿ, ಅವರು ಹೇಳಿದ್ದನ್ನು ಹೊದಿಕೆಯ ಹಿಂದೆ ಇಸವಿ ಸಮೇತ ಬರೆದಿಟ್ಟರೆ ಸಾಕು. ಯಾವುದೋ ದೂರದ ಊರಿನ ಗುರುತಿಲ್ಲದ ಕೆಲಸಗಾರರಿಗೆ ತಿಳಿಯಲಿ ಎಂದು ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರು ಹೇಳಿದರು. ಕೇಳಿದವರೂ ತಮ್ಮ ಹೆಸರು ಹೇಳಿ ಹೋಗಲಿ.